ಚಿತ್ರಲಿಂಗಪ್ಪ ಹೆಡ್‌ಫೋನ್ ಶೆಡ್ಡು ಮಾರಿದ್ದು

ಚಿತ್ರದುರ್ಗದಲ್ಲಿ ಒಂದು ಕಾಲಕ್ಕೆ ಹೆಡ್‌ಫೋನ್ ತಯಾರಾಗುತ್ತಿತ್ತು ಎಂದರೆ ಈಗ ಯಾರೂ ನಂಬುವುದಿಲ್ಲ. ಆಗಲೂ ಊರಿನವರು ಪೂರ್ತಿ ನಂಬಿರಲಿಲ್ಲ. ಕೋಟೆ ಕಡೆ ಹೋಗುವ ರಸ್ತೆಯ ಹಳೇ ಹತ್ತಿ ಜಿನ್ನಿನ ಶೆಡ್ಡಿನಲ್ಲಿ ಚಿತ್ರಲಿಂಗಪ್ಪ ಅದೇನೋ ಕಿವಿಗೆ ಸಿಕ್ಕಿಸಿಕೊಳ್ಳುವ ಸಾಮಾನು ಮಾಡುತ್ತಾನಂತೆ, ಕಿವುಡರಿಗೆ ಇರಬೇಕು ಎಂದು ಹೇಳಿಕೊಂಡು ತಿರುಗುತ್ತಿದ್ದರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಬೆಳಗಿನಿಂದ ಸಂಜೆವರೆಗೆ ಕೂತು ಲೈನು ಕೂಡಿಸುವ ಹುಡುಗಿಯರಿಗೆ, ರೇಡಿಯೋ ಸ್ಟೇಷನ್ನಿನವರಿಗೆ ಅವನ ಮಾಲು ಹೋಗುತ್ತಿತ್ತು. ಇದನ್ನೆಲ್ಲ ಊರಿನವರಿಗೆ ಬಿಡಿಸಿ ಹೇಳುವ ಉಸಾಬರಿಗೆ ಅವನು ಹೋಗಲೇ ಇಲ್ಲ.

ಅವನು ಮದಕರಿಪುರದ ಕುರಿ ಕಾಯುವವರ ಮನೆಯವನು. ಮಿಲಿಟರಿ ಸೇರಿ ವೈರ್‌ಲೆಸ್ ಕೆಲಸ ಕಲಿತ. ಹಿಮ ಬೀಳುವ ಕಡೆ ತಾಸುಗಟ್ಟಲೆ ಹೆಡ್‌ಫೋನ್ ಹಾಕಿಕೊಂಡು ಕೂತು ಕಿವಿ ಹುಣ್ಣಾದಾಗ, ಅವ್ವ ಕೊಟ್ಟು ಕಳಿಸಿದ್ದ ಕಂಬಳಿಯ ತುಂಡನ್ನು ಒಳಗಿಟ್ಟು ನೋಡಿದ. ಚುಚ್ಚಿತು. ಮರಿಗಳ ಮೊದಲ ಕತ್ತರಿಯ ಉಣ್ಣೆ ಚುಚ್ಚುವುದಿಲ್ಲ ಎಂದು ಕುರಿಯವರ ಮಗನಿಗೆ ಯಾರಾದರೂ ಹೇಳಿಕೊಡಬೇಕೆ? ಮುಂದಿನ ರಜೆಯಲ್ಲಿ ಊರಿಂದ ಒಂದು ಚೀಲ ಉಣ್ಣೆ ಹೊತ್ತುಕೊಂಡು ಹೋದ. ಮೆತ್ತಗಿನ ತೊಗಲಿನೊಳಗೆ ಅದನ್ನು ತುಂಬಿ ಹೊಲಿದ ದಿಂಬು ಎಲ್ಲರ ಕಿವಿಗೂ ಹಿತವಾಯಿತು. ಪಿಂಚಣಿ ಪಡೆದು ಬಂದವನು ಅದನ್ನೇ ಕಸುಬು ಮಾಡಿಕೊಂಡ.

ದಿಂಬು ಹೊಲಿಯುವುದಕ್ಕೆ, ತಾಮ್ರದ ತಂತಿ ಸುತ್ತುವುದಕ್ಕೆ ತನ್ನ ಊರಿನ ಹೆಂಗಸರನ್ನೂ ಐಮಂಗಲದ ಕಡೆಯವರನ್ನೂ ಕರೆದು ತಂದ. ಅವರ ಪೈಕಿ ಹಿರಿಯಳು ಉಚ್ಚಂಗಮ್ಮ. ಗಂಡ ತೀರಿಕೊಂಡವಳು, ಇಬ್ಬರು ಹೆಣ್ಣುಮಕ್ಕಳು. ಶೆಡ್ಡಿನ ಕೆಲಸ ಗಟ್ಟಿ ಎಂದು ಚಿತ್ರಲಿಂಗಪ್ಪ ಬಾಯಿಬಿಟ್ಟು ಹೇಳಿದ ಮೇಲೆಯೇ ಅವಳು ತನ್ನ ಪಾಲಿನ ಕುರಿಗಳನ್ನು ಮೈದುನನಿಗೆ ಬಿಟ್ಟುಕೊಟ್ಟು ದುರ್ಗಕ್ಕೆ ಬಂದು ಮನೆ ಮಾಡಿದ್ದಳು. ಹಿಂದಕ್ಕೆ ಹೋಗಲು ಅವಳಿಗೆ ಹಟ್ಟಿಯಲ್ಲಿ ಏನೂ ಉಳಿದಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

ಎಪ್ಪತ್ತಾರನೇ ಇಸವಿಯಲ್ಲಿ ಆಯಸ್ಕಾಂತ ಬರುವುದು ನಿಂತುಹೋಯಿತು. ಆಗೆಲ್ಲ ಅದಕ್ಕೂ ಪರ್ಮಿಟ್ಟು, ಕೋಟಾ. ದೊಡ್ಡವರಿಗೆ ಸಿಗುತ್ತಿತ್ತು, ಸಣ್ಣವರು ಆಫೀಸುಗಳ ಬಾಗಿಲು ಕಾಯಬೇಕಿತ್ತು. ಚಿತ್ರಲಿಂಗಪ್ಪ ಬೆಂಗಳೂರಿಗೆ ಓಡಾಡಿ ಚಪ್ಪಲಿ ಸವೆಸಿದ. ಆಯಸ್ಕಾಂತವಿಲ್ಲದ ಹೆಡ್‌ಫೋನ್ ಬರೀ ತಗಡು. ಹೆಂಗಸರು ಬೆಳಿಗ್ಗೆ ಬಂದು, ಹೊಲಿದಿಟ್ಟ ದಿಂಬುಗಳನ್ನೇ ಬಿಚ್ಚಿ ಮತ್ತೆ ಹೊಲಿದು, ಸಂಜೆ ಎದ್ದು ಹೋಗುತ್ತಿದ್ದರು. ಆ ಸಮಯಕ್ಕೆ ಸರಿಯಾಗಿ ಬೆಂಗಳೂರಿನ ದೊಡ್ಡ ರೇಡಿಯೋ ಕಂಪನಿಯ ಮ್ಯಾನೇಜರು ಕಾರಿನಲ್ಲಿ ಬಂದಿಳಿದ. ಶೆಡ್ಡು, ಯಂತ್ರ, ಹೆಸರು, ದಿಂಬಿನ ಮಾದರಿ ಎಲ್ಲವನ್ನೂ ಕಂಪನಿ ಕೊಳ್ಳುತ್ತದೆ, ಆಯಸ್ಕಾಂತ ಲಾರಿಗಟ್ಟಲೆ ತರಿಸುತ್ತದೆ ಎಂದ.

ಚಿತ್ರಲಿಂಗಪ್ಪ ಅವನನ್ನು ಮಾತುಕತೆಗೆ ಮದಕರಿಪುರದ ಮನೆಗೇ ಕರೆದುಕೊಂಡು ಹೋದ. ಅವನ ತಾಯಿ ಬರಗೇರಮ್ಮ ನಡುಮನೆಯಲ್ಲಿ ಕರೀ ಕಂಬಳಿ ಹಾಸಿ, ನಡುವೆ ದೇವರ ಅರಿಶಿನದ ಭಂಡಾರ ಇಟ್ಟು, ಅದರ ಮುಂದೆ ಎಲೆ ಅಡಿಕೆ ಇಟ್ಟಳು. "ಬರ್ರಿ, ಕುಂತ್ಕಳ್ರಿ" ಎಂದಳು. ಮ್ಯಾನೇಜರು ಪ್ಯಾಂಟನ್ನು ಮೇಲಕ್ಕೆಳೆದುಕೊಂಡು ಅಂಚಿನಲ್ಲಿ ಹೇಗೋ ಕೂತ.

ಇವರ ಜನದಲ್ಲಿ ಕಂಬಳಿ ಹಾಸಿದರೆ ಅದು ಹುಡುಗಾಟವಲ್ಲ. ಕುರಿಯ ತಕರಾರು, ಹೆಣ್ಣು ಕೊಡುವ ಮಾತು, ಅಣ್ಣತಮ್ಮಂದಿರ ಪಾಲು ಎಲ್ಲ ತೀರ್ಮಾನವಾಗುವುದು ಅದರ ಮೇಲೆ. ಕೇಳುವವನು ಕೇಳುತ್ತಾನೆ, ಒಪ್ಪಿದವನು ಅಡಿಕೆ ಎತ್ತಿಕೊಳ್ಳುತ್ತಾನೆ. ಅಲ್ಲಿಗೆ ಮುಗಿಯಿತು. ಆಮೇಲೆ ಸಾಕ್ಷಿ ಕೇಳುವುದೆಂದರೆ ಆ ಮನುಷ್ಯನನ್ನು ಸುಳ್ಳ ಎಂದು ಕರೆದಂತೆ. ಇನ್ನೊಂದು ಕಟ್ಟುಪಾಡೂ ಉಂಟು. ಕಂಬಳಿ ಮೇಲೆ ಯಾರೂ ತನಗೋಸ್ಕರ ಏನನ್ನೂ ಕೇಳಬಾರದು.

"ನೋಡ್ರಿ ಸಾರ್," ಎಂದ ಚಿತ್ರಲಿಂಗಪ್ಪ. "ಶೆಡ್ಡು ದುರ್ಗದಾಗೇ ಇರ್ಬೇಕು. ನಮ್ಮ ಹೆಣ್ಮಕ್ಳು ಒಬ್ರೂ ಕೆಲ್ಸ ಕಳ್ಕಬಾರ್ದು. ಇದಕ್ಕೆ ನೀವು ಒಪ್ಪಿದ್ರೆ ಅಡಿಕೆ ಎತ್ಕಳ್ರಿ."

"ಅದಕ್ಕೇನಂತೆ, ಇಂಥ ಕೆಲಸಗಾರರನ್ನ ಬಿಟ್ಟು ನಾವೆಲ್ಲಿಗೆ ಹೋಗೋಣ" ಎಂದು ಮ್ಯಾನೇಜರು ನಕ್ಕು, ಅಡಿಕೆ ಬಾಯಿಗೆ ಹಾಕಿಕೊಂಡು, ಸುಣ್ಣ ಎಲ್ಲಿ ಎಂದು ಕೇಳಿದ. ಚಿತ್ರಲಿಂಗಪ್ಪನ ಎದೆಯ ಭಾರ ಇಳಿದುಹೋಯಿತು. ಕಣ್ಣಲ್ಲಿ ನೀರು ಬಂದದ್ದನ್ನು ಮರೆಮಾಚಲು ಸುಣ್ಣದ ಡಬ್ಬಿ ಹುಡುಕುವ ನೆವದಲ್ಲಿ ಎದ್ದು ಒಳಗೆ ಹೋದ.

ಮರುದಿನ ಶೆಡ್ಡಿನಲ್ಲಿ ಈ ಸುದ್ದಿ ಹೇಳಿದಾಗ ಎಲ್ಲರ ಮುಖ ಅರಳಿತು. ಉಚ್ಚಂಗಮ್ಮ ಮಾತ್ರ ಸೂಜಿ ಕೆಳಗಿಟ್ಟು ಅವನನ್ನೇ ನೋಡಿದಳು.

"ಅದನ್ನ ಕಾಗ್ದದಾಗೂ ಬರ್ಸಿಬಿಡು ತಮ್ಮಾ."

"ಕಂಬ್ಳಿ ಮ್ಯಾಲೆ ಆಡಿದ್ ಮಾತನ್ನ ಮತ್ತೆ ಬರ್ಕೊಡ್ರಿ ಅಂತ ಹೆಂಗ್ ಕೇಳ್ಲಕ್ಕ? ಅವ್ರ ಮುಖಕ್ಕೆ ಉಗ್ದಂಗೆ ಆಗ್ತೈತೆ."

"ಆಯಪ್ಪಗೆ ಕಂಬ್ಳಿ ಅಂದ್ರೇನು ಅಂತ ಗೊತ್ತೈತಾ?"

"ಅಡಿಕೆ ಎತ್ಕಂಡ್ರಲ್ಲ."

"ಅಡಿಕೆನ ಮದ್ವಿ ಮನ್ಯಾಗೂ ಎತ್ಕಂತಾರೆ."

ಉತ್ತರವಿಲ್ಲದಾಗ ಗಂಡಸರು ಮಾಡುವುದನ್ನೇ ಅವನೂ ಮಾಡಿದ, ಸಿಟ್ಟಾದ. ನಮ್ಮವ್ವ ಹಾಸಿದ ಕಂಬಳಿ ಅದು, ಬಾಯಿ ಬಿಗಿಹಿಡಿದು ಮಾತಾಡು ಎಂದು ಎಲ್ಲರ ಎದುರು ಗದರಿದ. ಉಚ್ಚಂಗಮ್ಮ ಮತ್ತೆ ಸೂಜಿ ಎತ್ತಿಕೊಂಡಳು. ಹಾಗೆ ಗದರಿದ್ದಕ್ಕೆ ಅವನಿಗೆ ಆ ದಿನವಿಡೀ ಊಟ ಸೇರಲಿಲ್ಲ.

ಸಹಿ ಹಾಕುವ ದಿನ ಕೋರ್ಟಿನ ಹತ್ತಿರ ಒಬ್ಬ ವಕೀಲರ ಆಫೀಸಿನಲ್ಲಿ ಸೇರಿದರು. ಕಾಗದ ಇಂಗ್ಲಿಷಿನಲ್ಲಿತ್ತು. ಮಿಲಿಟರಿಯಲ್ಲಿ ಕಲಿತಷ್ಟು ಇಂಗ್ಲಿಷು ಅವನಿಗೆ ಬರುತ್ತಿತ್ತು, ಬೆರಳಿಟ್ಟುಕೊಂಡು ಸಾಲು ಸಾಲಾಗಿ ಓದಿದ. ಶೆಡ್ಡು ಇತ್ತು, ಯಂತ್ರ ಇತ್ತು, ದಿಂಬು ಇತ್ತು. ದಿಂಬು ಹೊಲಿಯುವವರು ಎಲ್ಲೂ ಇರಲಿಲ್ಲ. ದುರ್ಗದಲ್ಲೇ ನಡೆಯಬೇಕು ಎಂಬುದೂ ಇರಲಿಲ್ಲ. ಅವನ ಹೆಸರು ಮಾರುವವನು ಎಂದು ಬಿಟ್ಟರೆ ಬೇರೆಲ್ಲೂ ಇರಲಿಲ್ಲ.

"ಸಾರ್, ಮುಂದೆ ನನ್ನ ಕೆಲ್ಸ..."

"ಓ, ನಿಮ್ಮನ್ನ ಸೂಪರ್‌ವೈಸರ್ ಮಾಡ್ಕೊಳ್ತೀವಿ ಕಣ್ರಿ."

"ಅದನ್ನ ಒಂದ್ ಮಾತು ಇದ್ರಾಗೆ ಸೇರ್ಸಿದ್ರೆ..."

ಮ್ಯಾನೇಜರು ತಲೆಯಾಡಿಸಿದ. ಕೊನೆಯ ಹಾಳೆಯನ್ನು ಟೈಪ್‌ರೈಟರಿಗೆ ಏರಿಸಿ, ಗುಮಾಸ್ತ ಟಕಟಕನೆ ಒಂದು ಸಾಲು ಹೊಡೆದ. ಹಾಳೆ ಇನ್ನೂ ಯಂತ್ರದಲ್ಲೇ ಇತ್ತು. ಕೆಳಗೆ ಜಾಗವಿತ್ತು. ಉಚ್ಚಂಗಮ್ಮನ ಮಾತು ಅವನ ತುಟಿಯವರೆಗೆ ಬಂತು. ಗುಮಾಸ್ತ ಕೈ ಎತ್ತಿಕೊಂಡು ಕಾಯುತ್ತಿದ್ದ.

"ಇನ್ನೇನಾದ್ರೂ ಇದೆಯಾ?" ಎಂದು ಮ್ಯಾನೇಜರು ಗಡಿಯಾರ ನೋಡಿಕೊಂಡ.

"ಇಲ್ಲ ಸಾರ್."

ತನ್ನ ವಿಷಯ ಕಂಬಳಿ ಮೇಲೆ ಬಂದಿರಲಿಲ್ಲ, ಅದಕ್ಕೆ ಕಾಗದ ಬೇಕು. ಹೆಂಗಸರ ವಿಷಯ ಬಂದಿತ್ತು, ಅದಕ್ಕೆ ಬೇಡ. ಹೀಗೆ ಅವನು ತನಗೆ ತಾನೇ ಹೇಳಿಕೊಂಡ. ಕಟ್ಟಿನ ಪ್ರಕಾರ ಅದು ಸರಿಯೇ. ಆದರೆ ಇದ್ದದ್ದನ್ನು ಇದ್ದಂತೆ ಹೇಳುವುದಾದರೆ, ಅವನು ಹೆದರಿದ್ದ. ಎರಡನೆಯದನ್ನೂ ಕೇಳಲು ಹೋಗಿ ಮೊದಲನೆಯದೂ ಕೈತಪ್ಪಿದರೆ ಎಂದು ಹೆದರಿದ್ದ. ಸಹಿ ಹಾಕಿದ.

ಆಯಸ್ಕಾಂತ ಬಂತು. ಶೆಡ್ಡಿನಲ್ಲಿ ಮತ್ತೆ ಸದ್ದು ಶುರುವಾಯಿತು. ಸುಗ್ಗಿ ಮುಗಿಯುವವರೆಗೂ ಪುರುಸೊತ್ತಿಲ್ಲದ ಕೆಲಸ. ಉಚ್ಚಂಗಮ್ಮ ದೊಡ್ಡ ಮಗಳಿಗೆ ಹೊಳಲ್ಕೆರೆ ಕಡೆ ಗಂಡು ನೋಡಿದಳು. "ನೋಡ್ದ್ಯಾ ಅಕ್ಕ, ಸುಮ್ನೆ ಹೆದರ್ಕಂಡಿದ್ದೆ" ಎಂದು ಚಿತ್ರಲಿಂಗಪ್ಪ ಚುಡಾಯಿಸಿದಾಗ ಅವಳೂ ನಕ್ಕಳು. ಕಂಪನಿಯ ಇಬ್ಬರು ಬಂದು ಯಂತ್ರಗಳ ಉದ್ದಗಲ ಅಳೆದುಕೊಂಡು ಹೋದಾಗ ಮಾತ್ರ ಅವನು ಕೈಯಲ್ಲಿದ್ದ ಕೆಲಸ ಬಿಟ್ಟು ಬಾಗಿಲಿನವರೆಗೆ ಅವರ ಹಿಂದೆಯೇ ಹೋದ. ಯಾಕೆ ಎಂದು ಅವರನ್ನು ಕೇಳಲಿಲ್ಲ.

ಮಳೆಗಾಲಕ್ಕೆ ಮುಂಚೆ ಒಂದು ಬೆಳಿಗ್ಗೆ ಬಾಗಿಲಿಗೆ ಲಾರಿ ಬಂದು ನಿಂತಿತು. ಹಿಂದೆಯೇ ಮ್ಯಾನೇಜರ ಕಾರು. ಕೂಲಿಗಳು ಒಳಗೆ ನುಗ್ಗಿ ತಂತಿ ಸುತ್ತುವ ಯಂತ್ರದ ಬೋಲ್ಟು ಬಿಚ್ಚತೊಡಗಿದರು. ಹೆಂಗಸರು ಎದ್ದು ಗೋಡೆಗೆ ಸರಿದರು. ಚಿತ್ರಲಿಂಗಪ್ಪ ಮ್ಯಾನೇಜರಿಗೆ ಅಡ್ಡ ನಿಂತ.

"ಏನ್ರಿ ಸಾರ್ ಇದು? ಕಂಬ್ಳಿ ಮ್ಯಾಲೆ ಕುಂತು ಒಪ್ಕಂಡಿದ್ರಿ."

"ಯಾವ ಕಂಬಳಿ?"

"ನಮ್ಮನ್ಯಾಗೆ ಅಡಿಕೆ ಎತ್ಕಂಡ್ರಲ್ಲ."

ಮ್ಯಾನೇಜರು ನಿಜವಾಗಿಯೂ ನೆನಪು ಮಾಡಿಕೊಳ್ಳಲು ನೋಡಿದ. "ತಾಂಬೂಲ ಕೊಟ್ಟಿರಿ, ಹಾಕ್ಕೊಂಡೆ. ಅವತ್ತು ನೂರು ಮಾತು ಆಡಿದ್ದೀವಿ ಮಾರಾಯ್ರೆ. ಎಲ್ಲ ಬೆಂಗಳೂರಲ್ಲಿ ಒಂದೇ ಕಡೆ ಇರಲಿ ಅಂತ ಮೇಲಿನವರು ತೀರ್ಮಾನ ಮಾಡಿದ್ದಾರೆ. ದಿಂಬಿಗೆ ಅಲ್ಲಿ ಸ್ಪಂಜು ಹಾಕ್ತೀವಿ. ಅಗ್ರಿಮೆಂಟಿನಲ್ಲಿ ಇರೋದು ನಿಮ್ಮೊಬ್ಬರ ಹೆಸರು, ಅದನ್ನ ನಾವು ನಡೆಸಿಕೊಡ್ತೀವಿ. ಬನ್ನಿ, ಕಾರಲ್ಲೇ ಹೋಗೋಣ."

ಕೂಲಿಗಳು ಪಾನಾ ಹಿಡಿದು ಮುಂದಿನ ಬೋಲ್ಟಿಗೆ ಕೈ ಹಾಕಿದರು. ಉಚ್ಚಂಗಮ್ಮ ಗೋಡೆ ಬಿಟ್ಟು ಅವನ ಹತ್ತಿರ ಬಂದಳು.

"ನಿನ್ ಹೆಸ್ರು ಐತಂತಲ್ಲ ತಮ್ಮಾ, ಕಾಗ್ದದಾಗೆ."

"ಐತೆ."

"ಅವ್ರೇ ಬರ್ದಿದ್ರಾ, ನೀನ್ ಕೇಳಿ ಬರ್ಸಿದ್ಯಾ?"

ಅವರೇ ಬರೆದಿದ್ದರು ಎಂದು ಹೇಳಿಬಿಡಬಹುದಿತ್ತು. ಮ್ಯಾನೇಜರು ಅದನ್ನು ಅಲ್ಲಗಳೆಯುವವನಲ್ಲ, ಅವನಿಗೆ ಅದೆಲ್ಲ ನೆನಪೂ ಇರಲಿಲ್ಲ.

"ನಾನೇ ಕೇಳ್ದೆ ಅಕ್ಕ."

ಅವಳು ಬಯ್ಯಲಿಲ್ಲ. ಅಳಲೂ ಇಲ್ಲ. ಅವನು ಲೆಕ್ಕ ತಪ್ಪಿದ ಕಡೆ ಬೆರಳಿಟ್ಟು ತೋರಿಸುವವಳಂತೆ ನಿಧಾನವಾಗಿ ಹೇಳಿದಳು.

"ಅಂದ್ರೆ ನಿನ್ ಹೊಟ್ಟೆಗೆ ಕಾಗ್ದ ಬೇಕಾತು. ನಮ್ ಹೊಟ್ಟೆಗೆ ಕಂಬ್ಳಿ ಸಾಕು ಅನ್ನಿಸ್ತು."

ಊಟದ ಡಬ್ಬಿ ತೆಗೆದುಕೊಂಡು ಹೊರಟಳು. ಉಳಿದವರೂ ಒಬ್ಬೊಬ್ಬರಾಗಿ ಅವಳ ಹಿಂದೆ ಹೋದರು. ಅವನು ಬಾಗಿಲಲ್ಲಿ ನಿಂತು, ಅವರು ರಸ್ತೆಯ ತಿರುವು ದಾಟುವವರೆಗೂ ನೋಡಿದ. ಕರೆದು ಏನು ಹೇಳುವುದು?

ಮಧ್ಯಾಹ್ನದ ಹೊತ್ತಿಗೆ ಶೆಡ್ಡು ಖಾಲಿಯಾಯಿತು. ಲಾರಿ ಹಿರಿಯೂರಿನ ದಾರಿ ಹಿಡಿಯಿತು. ಮ್ಯಾನೇಜರು ಕಾರಿನ ಬಾಗಿಲು ತೆರೆದು ಹಾರ್ನ್ ಹೊಡೆಸಿದ.

"ನಾನ್ ಬರಲ್ಲ ಸಾರ್" ಎಂದ ಚಿತ್ರಲಿಂಗಪ್ಪ. ಅದನ್ನು ಕೇಳಿಸಿಕೊಳ್ಳುವುದಕ್ಕೆ ಆ ಹೆಂಗಸರಲ್ಲಿ ಒಬ್ಬರೂ ಅಲ್ಲಿ ಉಳಿದಿರಲಿಲ್ಲ.