ನಂಬರ್ ಪ್ಲೇಟಿನ ಕಡೆಗೆ ಓಡಿದ ದೀಪ

ಮುರುಗಲ ಹಣ್ಣು ಒಡೆದು ಸಿಪ್ಪೆ ಬಿಸಿಲಿಗೆ ಹಾಕುತ್ತಿದ್ದೆ. ಮೊಬೈಲು ಎಲ್ಲರ ಕೈಗೆ ಬಂದಿರದ ಕಾಲ. ಮೈದುನ ಓಡಿಯೇ ಬಂದ.

"ಅತ್ತಿಗೆ, ಹೆದರ್ಬೇಡಿ. ಅಣ್ಣಂಗೆ ಎಂತದೂ ಆಗ್ಲಿಲ್ಲ."

ಹಾಗೆ ಶುರು ಮಾಡಿದರೆ ಯಾರಿಗೆ ತಾನೇ ಹೆದರಿಕೆಯಾಗುವುದಿಲ್ಲ!

ನಮ್ಮ ಯಜಮಾನರು ಕುಮಟಾದಲ್ಲಿ ಬಾಡಿಗೆ ಕಾರು ಓಡಿಸುತ್ತಿದ್ದರು. ಹೆದ್ದಾರಿಯಿಂದ ಬಲಕ್ಕೆ, ನಮ್ಮ ಓಣಿಗೆ ತಿರುಗುವಾಗ ಹಿಂದಿನಿಂದ ಲಾರಿ ತಾಗಿತ್ತು. ಹಿಂದಿನ ದೀಪ ಎರಡೂ ಪುಡಿ. "ನಿಮ್ಮ ಸಿಗ್ನಲ್ ಕಾಣ್ಲೇ ಇಲ್ಲ" ಎಂದನಂತೆ ಲಾರಿಯವನು. ಗಾಜು ಹೋಯಿತು, ಮನುಷ್ಯ ಉಳಿದರು. ದೇವರಿಗೆ ತುಪ್ಪದ ದೀಪ ಹಚ್ಚಿ ಬಂದು ಮೈದುನನಿಗೆ ಹೇಳಿದೆ: "ತಮಾ, ಕಾಣೋ ಹಾಂಗೆ ಎಂತಾರೂ ಮಾಡು. ದಿನಾ ಅದೇ ತಿರುವಲ್ಲಿ ಬರ್ಬೇಕಲ್ಲ ಇವ್ರು."

ಅವನದು ಕರೆಂಟಿನ ಕೆಲಸ. ಚೌತಿಯ ಗಣಪತಿ ಮಂಟಪಕ್ಕೆ ದೀಪ ಕಟ್ಟುವುದರಲ್ಲಿ ಹೊನ್ನಾವರದವರೆಗೂ ಹೆಸರಿತ್ತು. ಭಟ್ಕಳದಿಂದ ಸಣ್ಣ ಎಲ್‌ಇಡಿ ದೀಪಗಳನ್ನು ತಂದು, ಎರಡು ದಿನ ಜಗಲಿಯಲ್ಲಿ ಕೂತು ಬೆಸುಗೆ ಹಾಕಿ, ಹೊಸ ಗಾಜಿನೊಳಗೆ ಸಾಲಾಗಿ ಕೂರಿಸಿದ. ಸಿಗ್ನಲ್ ಹಾಕಿದರೆ ಅವು ಒಂದಾದ ಮೇಲೊಂದು ಹೊತ್ತಿ ಓಡಬೇಕು.

ಮುಸ್ಸಂಜೆಗೆ ಯಜಮಾನರು ಕಾರಿನೊಳಗೆ ಕೂತು ಬಲದ ಸಿಗ್ನಲ್ ಹಾಕಿದರು. ಹಿಂದೆ ನಿಂತ ನನಗೆ ಮೊದಲು ಚಂದವೇ ಕಂಡಿತು. ಆಮೇಲೆ ನೋಡಿದರೆ, ದೀಪ ಬಲತುದಿಯಲ್ಲಿ ಹೊತ್ತಿ ನಂಬರ್ ಪ್ಲೇಟಿನ ಕಡೆಗೆ ಓಡುತ್ತಿತ್ತು.

"ಇವ್ರು ಹೋಗೂದು ಬಲಕ್ಕೆ, ದೀಪ ಎಡಕ್ಕೆ ಓಡ್ತದಲ್ಲೋ!"

"ನಡುವಿಗೇ ಬರ್ಬೇಕಲ್ಲ ಅತ್ತಿಗೆ," ಎಂದ ಮೈದುನ. "ಚೌತೀಲಿ ಹಾಂಗೇ ಅಲ್ದಾ ಕಟ್ಟೂದು?"

"ಅಲ್ಲಿ ನಡುವಿಗೆ ಗಣಪತಿ ಕೂತಿರ್ತಾನೆ. ಇಲ್ಲಿ ಎಂತ ಅದೆ? ನಂಬರ್ ಪ್ಲೇಟಿಗೆ ಪೂಜೆ ಮಾಡೂದಾ?"

ಯಜಮಾನರು ಒಳಗಿನಿಂದಲೇ ನಕ್ಕರು. "ನೀನು ಯಾವಾಗ ಮೆಕ್ಯಾನಿಕ್ ಆದ್ಯೇ ಮಾರಾಯ್ತಿ?"

"ನಾ ಎಂತದೂ ಆಗ್ಲಿಲ್ಲ. ಲಾರಿಯವ ಬರೂ ಜಾಗದಲ್ಲಿ ನಿಂತಿದ್ದೆ, ಅಷ್ಟೆ. ನೀವೇ ಇಳಿದು ಬಂದು ನೋಡಿ."

ಮೈದುನನನ್ನು ಸ್ಟೇರಿಂಗಿಗೆ ಕೂರಿಸಿ ಬಂದು ನೋಡಿದರು. ನಗು ನಿಂತಿತು. "ಬಿಚ್ಚೋ ತಮಾ, ಎಲ್ಲಾ ಬಿಚ್ಚು," ಎಂದರು.

ಮರುದಿನ ಅವನು ತಂತಿಗಳ ಸರದಿ ಬದಲಿಸಿದ. ಸಂಜೆ ಮನಸ್ಸು ತಡೆಯದೆ ಓಣಿಯ ಬಾಯಿಗೇ ಹೋಗಿ ನಿಂತೆ. ಯಜಮಾನರ ಕಾರು ಬಂತು, ಬೆನ್ನಿಗೇ ಒಂದು ಬಸ್ಸು. ನಾನು ನಿಂತಲ್ಲಿಗೆ ಹಿಂದಿನ ದೀಪ ಕಾಣುತ್ತಿರಲಿಲ್ಲ. ಬಸ್ಸಿನ ಡ್ರೈವರನಿಗೆ ಕಂಡಿತ್ತು. ಅವನು ವೇಗ ತಗ್ಗಿಸಿ, ಕಾರು ಓಣಿಗೆ ಇಳಿಯುವ ತನಕ ಕಾದು ಹೋದ.

ಯಜಮಾನರು ಕಿಟಕಿಯಿಂದ ತಲೆ ಹೊರಗೆ ಹಾಕಿದರು. "ಪಾಸಾ, ಫೇಲಾ?"

"ಆತು, ಪಾಸು. ಮನೆಗೆ ನಡೀರಿ."

ಬಸ್ಸು ನಿಧಾನವಾದದ್ದಕ್ಕೂ ದೇವರಿಗೊಂದು ಮಾತು ಹೇಳಿ, ನೆನೆಸಿಟ್ಟ ದೋಸೆ ಅಕ್ಕಿ ರುಬ್ಬಲು ಹಿಂದೆಯೇ ನಡೆದೆ.