ಇಂಗುಗುಂಡಿಗೆ ಇಂಗು

ನನಗೆ ಸುಮ್ಮಸುಮ್ಮನೆ ಯಾರ ಮೇಲೂ ಅನುಮಾನ ಬರುವುದಿಲ್ಲ. ಬಂತೋ, ಬಡಪೆಟ್ಟಿಗೆ ಹೋಗುವುದೂ ಇಲ್ಲ. ಅಮ್ಮನ ಕೋಣೆಯ ಗೋಡೆಗೆ ತೇವ ಹತ್ತಿದಾಗ ಅದು ನೇರವಾಗಿ ಹೋಗಿ ಕೂತದ್ದು ಪಕ್ಕದ ಮನೆಯ ಅಕ್ಕನ ಮೇಲೆ.

ಚಾಮರಾಜಪೇಟೆಯ ಹಳೇ ಮನೆ ನಮ್ಮದು. ಅಮ್ಮನ ಮಂಚದ ಪಕ್ಕದಲ್ಲೇ ಕಿಟಕಿ. ಆಚೆಗೆ ಒಬ್ಬರು ಅಡ್ಡಡ್ಡ ನಡೆದು ಹೋಗುವಷ್ಟು ಸಂದಿ, ಅದರಾಚೆ ಅಕ್ಕನ ಕಾಂಪೌಂಡು. ಆ ಕಾಂಪೌಂಡಿಗೆ ಅಂಟಿಕೊಂಡ ಹಾಗೆ ಅವರು ಇಂಗುಗುಂಡಿ ತೋಡಿಸಿದ್ದರು. ತಾರಸಿಯ ಮಳೆನೀರು ಚರಂಡಿ ಪಾಲಾಗದೆ ಭೂಮಿಗೆ ಇಳಿಯಲಿ ಅಂತ ಜಲ್ಲಿ ತುಂಬಿ, ಮೇಲೆ ಚಪ್ಪಡಿ ಮುಚ್ಚಿದ ಗುಂಡಿ. ಅದು ಬಂದ ಮೇಲೆ ತಾನೇ ನಮ್ಮ ಗೋಡೆ ಉಬ್ಬಿದ್ದು, ಉಪ್ಪೆದ್ದು ಸುಣ್ಣ ಉದುರಿದ್ದು? ಮಳೆ ಹೋಗಿ ತಿಂಗಳುಗಳಾದರೂ ತೇವ ಆರಲಿಲ್ಲ. ವಾಷಿಂಗ್ ಮೆಷಿನ್ ನೀರನ್ನೂ ಗುಟ್ಟಾಗಿ ಅಲ್ಲಿಗೇ ಬಿಡುತ್ತಿದ್ದಾರೆ ಎಂದು ನಾನು ತೀರ್ಮಾನಿಸಿದೆ. ಅವರು ಮೆಷಿನ್ನಿಗೆ ಬಟ್ಟೆ ಹಾಕಿದ ದಿನ ಕಾಂಪೌಂಡಿಗೆ ಕಿವಿ ಕೊಟ್ಟು ನಿಂತದ್ದೂ ಉಂಟು.

ಅಮ್ಮನಿಗೆ ಉಬ್ಬಸ, ಒಬ್ಬಳೇ ಮಂಚ ಇಳಿಯುವ ಹಾಗೂ ಇಲ್ಲ. ಗೋಡೆ ಒಣಗದಿದ್ದರೆ ಕೋಣೆ ಬದಲಾಯಿಸಲೇಬೇಕು ಎಂದು ಡಾಕ್ಟರು ಕಡ್ಡಿ ಮುರಿದ ಹಾಗೆ ಹೇಳಿದ್ದರು. ಬದಲಾಯಿಸುವುದೆಂದರೆ ಹಾಲ್ ಒಂದೇ. ಅಮ್ಮ ಒಪ್ಪಲಿಲ್ಲ.

"ಹೋಗೋರು ಬರೋರ ಮುಂದೆ ಬಿದ್ಕೊಂಡಿರೋಕೆ ನಾನೇನು ಸೋಫಾನಾ?" ಅಂದಳು. "ಈ ಕೋಣೆ ಬಿಟ್ರೆ ನಾನು ಬದುಕಲ್ಲ ಕಣೇ."

ಇದ್ದರೆ ಉಸಿರು ಕಟ್ಟುತ್ತದೆ, ಬಿಟ್ಟರೆ ಬದುಕುವುದಿಲ್ಲವಂತೆ. ಹಾಗಾಗಿ ಆ ಗೋಡೆ ಒಣಗಲೇಬೇಕಿತ್ತು.

ಅಕ್ಕನ ಹತ್ತಿರ ಮೊದಲು ನಯವಾಗಿಯೇ ಕೇಳಿದೆ. ಅವರು ಪೇಟೆಯಲ್ಲಿ ತಲೆತಲಾಂತರದಿಂದ ಬಟ್ಟೆ ವ್ಯಾಪಾರ ಮಾಡಿದ ಮನೆಯವರು, ಮಾತಿನಲ್ಲಿ ಸೋಲುವ ಜಾಯಮಾನದವರಲ್ಲ. "ನಮ್ಮ ಗುಂಡಿ ನಿಮ್ಮನೆ ನೆಲಕ್ಕಿಂತ ಎರಡು ಮೆಟ್ಲು ಕೆಳಗಿದೆ ಕಣಮ್ಮ. ನೀರು ಎಲ್ಲಾದ್ರೂ ಮೇಲಕ್ಕೆ ಹತ್ತುತ್ತಾ? ನೀನೇ ಹೇಳು, ಸ್ಕೂಲಲ್ಲಿ ವಿಜ್ಞಾನ ಪಾಠ ಮಾಡ್ದೋಳು."

"ಹತ್ತುತ್ತೆ ಅಕ್ಕ. ಹೂವಿನ ಕುಂಡದ ಕೆಳಗೆ ತಟ್ಟೇಲಿ ನೀರಿಟ್ರೆ ಮೇಲಿನ ಮಣ್ಣು ಒದ್ದೆ ಆಗಲ್ವಾ? ಬತ್ತಿ ಎಣ್ಣೆ ಎಳ್ಕೊಳ್ಳೋ ಹಾಗೆ ಒಣಮಣ್ಣು ನೀರನ್ನ ಎಳ್ಕೊಳ್ಳುತ್ತೆ. ಕೆಳಗೂ ಮೇಲೂ ಪಕ್ಕಕ್ಕೂ, ಎಲ್ಲಿ ಒಣಗಿದ್ಯೋ ಅಲ್ಲಿಗೆ."

"ಹಾಗಾದ್ರೆ ನಿಮ್ಮನೆ ಕಡೆಗೇ ಯಾಕೆ ಬರ್ಬೇಕು? ನಮ್ಮ ಗೋಡೆ ಏನು ಪಾಪ ಮಾಡಿತ್ತು?" ಎಂದು ಅವರು ನಕ್ಕರು. ಆ ನಗು ನನ್ನ ಮೈ ಉರಿಸಿತು. ಕಳ್ಳತನ ಇಲ್ಲದವರು ಅಷ್ಟು ಹಗುರವಾಗಿ ನಗುವುದಿಲ್ಲ ಎಂದುಕೊಂಡು ಎದ್ದು ಬಂದೆ.

ಇದನ್ನೆಲ್ಲ ಅಮ್ಮನಿಗೆ ಹೇಳುತ್ತಿದ್ದಾಗ, ಕಿವಿ ಮಂದವಾದ ಆಕೆ ಕೇಳಿದಳು: "ಇಂಗಿಗೆ ಗುಂಡಿ ಯಾಕೆ ತೋಡಿದ್ರು? ಡಬ್ಬಿ ಸಾಲ್ದಾ?"

ನಗಬೇಕಾಗಿತ್ತು. ನನಗೆ ಉಪಾಯ ಹೊಳೆಯಿತು. ಇಂಗಿನ ವಾಸನೆಯನ್ನು ಯಾರಿಂದ ತಾನೇ ಬಚ್ಚಿಡಲು ಸಾಧ್ಯ? ಅಕ್ಕ ವಿಶ್ವೇಶ್ವರಪುರದ ನೆಂಟರ ಮನೆಗೆ ಹೋದ ಮಧ್ಯಾಹ್ನ, ಗಟ್ಟಿ ಇಂಗನ್ನು ಬಿಸಿನೀರಿನಲ್ಲಿ ಕದಡಿ, ಬಕೆಟ್ಟು ಸಮೇತ ಅವರ ಗೇಟು ದಾಟಿದೆ. ಚಪ್ಪಡಿಯ ತೂತಿನಿಂದ ಅಷ್ಟನ್ನೂ ಸುರಿದೆ. ಗೋಡೆ ಘಮ್ಮೆಂದರೆ ಕಳ್ಳಿ ಸಿಕ್ಕಿಬಿದ್ದ ಹಾಗೆ.

ಮಾರನೆಯ ದಿನದಿಂದ ಆ ಗೋಡೆಗೆ ಮೂಗು ಹಚ್ಚುವುದೇ ನನ್ನ ಕೆಲಸವಾಯಿತು. ಸುಣ್ಣ, ಮುಗ್ಗಲು, ಅಷ್ಟೇ. ಇನ್ನೇನು ಕೈಬಿಡಬೇಕು ಅನ್ನುವಾಗ, ಊಟ ಕೊಡಲು ಹೋದವಳಿಗೆ ಅಮ್ಮ ತಾನಾಗಿಯೇ ಹೇಳಿದಳು: "ಯಾಕೋ ಇಂಗಿನ ವಾಸನೆ ಬರ್ತಿದೆ ಕಣೇ."

ತಟ್ಟೆ ಅಲ್ಲೇ ಇಟ್ಟು ಓಡಿದೆ. ಅಕ್ಕನ ಜಗಲಿಯ ಮೇಲೆ ನಿಂತು ಎಲ್ಲವನ್ನೂ ಒದರಿದೆ. ಅವರು ಕೊನೆಯವರೆಗೂ ಕೇಳಿಸಿಕೊಂಡು ಒಂದು ಹೆಜ್ಜೆ ಮುಂದೆ ಬಂದರು.

"ನಿಮ್ಮ ಸೆರಗು ಒಂದ್ಸಲ ಮೂಸಿ ನೋಡ್ಕೊಳ್ಳಿ."

ಮೂಸಿದೆ. ಆಗಷ್ಟೇ ಸಾರಿಗೆ ಒಗ್ಗರಣೆ ಹಾಕಿ ಬಂದಿದ್ದೆ.

"ಇಂಗು ತೆಂಗು ಇದ್ರೆ ಮಂಗನೂ ಅಡುಗೆ ಮಾಡುತ್ತೆ ಅಂತಾರೆ. ನೀವು ಇಂಗು ಇಟ್ಕೊಂಡು ಪೊಲೀಸ್ ಕೆಲ್ಸಕ್ಕೆ ಹೊರಟಿದೀರಿ," ಅಂದರು. ಇಷ್ಟು ವರ್ಷ ನೀನು ಎನ್ನುತ್ತಿದ್ದ ಹೆಂಗಸು ಅವತ್ತು ನೀವು ಅಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಆ ಬಹುವಚನ ಮಾತ್ರ ಚುಚ್ಚಿತು. ಆದರೂ ಒಳಗಿನ ಅನುಮಾನ ಸಾಯಲಿಲ್ಲ. ವಾಸನೆಯನ್ನು ಮಣ್ಣು ತಿಂದುಹಾಕಿರಬಹುದಲ್ಲ?

ಮರುದಿನ ಅವರೇ ಅಗೆಯುವವನೊಬ್ಬನನ್ನು ಕರೆಸಿದರು. "ಬನ್ನಿ, ನಿಮ್ಮ ಕಣ್ಣೆದುರಿಗೇ ಆಗ್ಲಿ," ಎಂದು ನನ್ನನ್ನು ನಿಲ್ಲಿಸಿಕೊಂಡು ಮೊದಲು ಚಪ್ಪಡಿ ಎತ್ತಿಸಿದರು. ಜಲ್ಲಿಯ ಮೇಲೆ ಒಣಗಿದ ಎಲೆ, ಮೂಲೆಯಲ್ಲಿ ಜೇಡರ ಬಲೆ, ನಡುವೆ ನನ್ನ ಇಂಗಿನ ಒಣಗಿದ ಕಲೆ. ಕಾಂಪೌಂಡಿನ ಪಕ್ಕ ಅಗೆಸಿದರು, ಮಣ್ಣು ಪುಡಿಪುಡಿಯಾಗಿ ಉದುರಿತು. ಆಮೇಲೆ ನಮ್ಮ ಸಂದಿಗೆ ಬಂದು, ಅಮ್ಮನ ಕಿಟಕಿಯ ಬುಡಕ್ಕೆ ಹಾರೆ ಹಾಕಿಸಿದರು. ಅಲ್ಲಿ ಮಣ್ಣು ಕಪ್ಪಗೆ, ಹಿಡಿದರೆ ಉಂಡೆಯಾಗುವಷ್ಟು ಹಸಿಯಾಗಿತ್ತು.

ನಾನೇ ಕುಕ್ಕರಗಾಲಲ್ಲಿ ಕೂತು ಕೈಹಾಕಿ ನೋಡಿದೆ. ಗೇಣುದ್ದ ಕೆಳಗೆ, ಮನೆ ಕಟ್ಟುವಾಗ ಇಟ್ಟಿಗೆ ಚೂರು, ಗಾರೆ ಹಾಕಿ ದಿಮ್ಮಿಸಿದ ಗಟ್ಟಿ ಪದರ. ಅದರ ಕೆಳಗೆ ಪೂರ್ತಿ ಒಣ. ನೀರು ಕೆಳಕ್ಕಿಳಿಯಲಾರದೆ ಆ ಪದರದ ಮೇಲೆಯೇ ಅಡ್ಡಕ್ಕೆ ಹಬ್ಬಿತ್ತು, ಗೋಡೆಯುದ್ದಕ್ಕೂ ಮಂಚದ ತಲೆಯಿಂದ ಕಾಲಿನವರೆಗೆ. ಅಲ್ಲಿಂದ ಗೋಡೆಯ ಬುಡ ಅದನ್ನು ಮೇಲಕ್ಕೆ ಹೀರಿಕೊಂಡಿತ್ತು. ಎಲ್ಲ ದಿಕ್ಕಿಗೂ ಹೋಗುತ್ತದೆ ಎಂದು ಅಕ್ಕನಿಗೆ ಪಾಠ ಹೇಳಿದ್ದೆನಲ್ಲ, ಎಲ್ಲ ದಿಕ್ಕಿಗೂ ಒಂದೇ ಸಮ ಹೋಗುವುದಿಲ್ಲ ಎನ್ನುವುದು ನನಗೆ ಹೊಳೆದೇ ಇರಲಿಲ್ಲ. ಅಕ್ಕನ ಕಾಂಪೌಂಡಿನ ಕಡೆಗೆ ಅದು ಅರ್ಧ ಸಂದಿಯನ್ನೂ ದಾಟಿರಲಿಲ್ಲ.

ಹಾಗಾದರೆ ಈ ನೀರು ಯಾರದು? ಈ ಕಡೆ ನಲ್ಲಿಯಿಲ್ಲ, ಪೈಪಿಲ್ಲ. ಅಗೆಯುವವನೇ ಏನಾದರೂ ಚೆಲ್ಲಿದನೇ ಎಂದು ಅವನತ್ತಲೂ ಒಮ್ಮೆ ನೋಡಿದೆ. ಅಕ್ಕ ಬೆರಳು ಮೇಲಕ್ಕೆ ಮಾಡಿದರು. ಕಿಟಕಿಯ ಅಂಚಿನಿಂದ ನೆಲದವರೆಗೆ ಸುಣ್ಣದ ಮೇಲೆ ನೀರಿಳಿದ ಗೆರೆ ಇತ್ತು. ಸರಳುಗಳ ಹಿಂದೆ ಅಮ್ಮ ಕೂತು ನಮ್ಮನ್ನೇ ನೋಡುತ್ತಿದ್ದಳು.

ಇಬ್ಬರೂ ಒಳಗೆ ಹೋದೆವು. ಅಮ್ಮನಿಗೆ ನೀರು ಜಾಸ್ತಿ ಕುಡಿಸಿ ಎಂದು ಅದೇ ಡಾಕ್ಟರು ಹೇಳಿದ್ದರಿಂದ ನಾನು ದಿನವೂ ಚೊಂಬು ತುಂಬಿಸಿ ತುಂಬಿಸಿ ಇಡುತ್ತಿದ್ದೆ. ಖಾಲಿ ಚೊಂಬು ನೋಡಿ ಸಮಾಧಾನ ಪಡುತ್ತಿದ್ದೆ.

"ನೀರು ಕಿಟಕಿಯಿಂದ ಚೆಲ್ತಿದ್ಯಾ ಅಮ್ಮ?"

"ಕುಡಿದ್ರೆ ಬಚ್ಚಲಿಗೆ ಹೋಗ್ಬೇಕಾಗುತ್ತೆ," ಅಂದಳು ಅಮ್ಮ. "ಹೋಗ್ಬೇಕಂದ್ರೆ ನಿನ್ನನ್ನ ಕೂಗ್ಬೇಕು."

"ಕೂಗಿದ್ರೆ ಏನಾಗುತ್ತೆ? ನಾನು ಯಾವತ್ತಾದ್ರೂ ಬೈದಿದೀನಾ?"

ಅಮ್ಮ ಅಕ್ಕನ ಮುಖ ನೋಡಿದಳು, ಅವರ ಮುಂದೆ ಹೇಳಬಹುದೋ ಬಾರದೋ ಎಂಬಂತೆ. ಅಕ್ಕ ಗೋಡೆಯ ಕಡೆ ತಿರುಗಿಕೊಂಡರು.

"ಇಲ್ಲಮ್ಮ, ನೀನು ಬೈಯಲ್ಲ," ಅಂದಳು. "ಬಚ್ಚಲಲ್ಲಿ ಎತ್ತಿ ಕೂರಿಸೋವಾಗ ಒಂದ್ಸಲ ಉಸ್ಸಂತೀಯ. ಅಷ್ಟೇ."

ಆಗಲೂ ಅದೇ ಉಸ್ಸು ಬರುವುದರಲ್ಲಿತ್ತು. ಬಾಯಿ ಮುಚ್ಚಿ ತಡೆದುಕೊಂಡೆ.