ಮೊದಲು ಡಾಕ್ಟರು, ಆಮೇಲೆ ನೀರು

೧೯೮೬ರ ಈ ಚಳಿಯಲ್ಲೂ ಬೆಳಗಿನ ರೈಲು ಕೂಗುವ ಹೊತ್ತಿಗೆ ರಾಯಚೂರಿನ ಸರ್ಕಾರಿ ಆಸ್ಪತ್ರೆಯ ಹಿಂದೆ ಹೊಗೆ ಏಳುತ್ತದೆ. ಆಯಾ ಗೋಪಮ್ಮ ಹತ್ತಿಕಟ್ಟಿಗೆ ಮುರಿದು ಹಂಡೆಯ ಕೆಳಗೆ ತುರುಕುತ್ತಿದ್ದಾರೆ. ಹೆರಿಗೆ ವಾರ್ಡಿಗೆ ಬಿಸಿನೀರು ಕಾಯಿಸುವುದು ಅವರ ಕೆಲಸ. ಇನ್ನೊಂದು ಕೆಲಸವನ್ನು ಯಾರೂ ಹೇಳಿಲ್ಲ, ಅವರೇ ಮೈಮೇಲೆ ಹಾಕಿಕೊಂಡಿದ್ದಾರೆ.

ವಾರ್ಡಿನ ಮೂಲೆಯ ತಗಡಿನ ಪೆಟ್ಟಿಗೆಯಲ್ಲಿ ಸೀರೆ, ಲಂಗ, ಕುಪ್ಪಸ, ಟವೆಲ್ಲು, ಸೋಪು, ಬಾಚಣಿಗೆ ಸೇರಿಸಿ ಕಟ್ಟಿದ ಗಂಟುಗಳಿವೆ. ಅತ್ಯಾಚಾರಕ್ಕೆ ಒಳಗಾಗಿ ಬರುವ ಹೆಣ್ಣುಮಕ್ಕಳಿಗಾಗಿ ಇವು. ಉಟ್ಟ ಬಟ್ಟೆಯನ್ನು ಪೊಲೀಸರು ಸಾಕ್ಷಿಗೆಂದು ಒಯ್ದರೆ ಅವರು ಮನೆಗೆ ಹೋಗುವುದು ಹೇಗೆ? ಇದನ್ನು ನಾವ್ಯಾರೂ ಯೋಚಿಸಿಯೇ ಇರಲಿಲ್ಲವಲ್ಲ ಎಂದು ಸಿಟ್ಟು ಬರುತ್ತದೆ. ಹೊಲಿಗೆಯ ಸರ್ವರಿ ಬೇಗಂ ಹೊಲಿದುಕೊಡುವ ಕುಪ್ಪಸಕ್ಕೆ ಗುಂಡಿಯಿಲ್ಲ. ಮುಂದೆ ಗಂಟು ಹಾಕಿದರೆ ಯಾರ ಮೈಗೂ ಆಗುತ್ತದೆ. ಸೀರೆಗಳೆಲ್ಲ ಒಗೆದು ಮಡಿಚಿದ ಹಳೆಯವು.

"ಹೊಸಾದು ಉಟ್ರ, ಯಾರು ಕೊಡಿಸಿದ್ರವ್ವಾ ಅಂತ ಮಂದಿ ಕೇಳ್ತಾರ್ರಿ," ಎನ್ನುತ್ತಾರೆ ಗೋಪಮ್ಮ.

ಇದಕ್ಕೆಲ್ಲ ಮೂಲ ಅವರದೇ ಒಂದು ತಪ್ಪು. ಬಹಳ ವರ್ಷಗಳ ಹಿಂದೆ ಮಾನ್ವಿ ಕಡೆಯ ಹುಡುಗಿಯೊಬ್ಬಳು ನಡುಗುತ್ತ ಬಂದಳು. ಮೈಲಿಗೆ ಕಳೆಯಲೆಂದು ತಲೆಮೇಲೆ ನೀರು ಹಾಕುವುದು ನಮ್ಮವರ ರೂಢಿ. ಡಾಕ್ಟರು ಬರುವುದರೊಳಗೆ ಗೋಪಮ್ಮ ಅವಳಿಗೆ ಎರೆದು, ಸೀರೆಯನ್ನೂ ಒಗೆದು ಒಣಹಾಕಿದರು. ಸಾಕ್ಷಿ ಅಳಿಸಿಹೋಯಿತು, ಕೇಸು ಬಿದ್ದುಹೋಯಿತು.

"ಕರುಳು ಚುರ್ ಅಂತು, ನೀರು ಹಾಕಿದ್ನಿ. ಕೆಡಿಸಿದಾಂವ ಮೀಸಿ ತಿರುವ್ಕೋಂತ ಹೋದ."

ಎರಡು ವರ್ಷದ ಹಿಂದೆ ದೇವದುರ್ಗದ ಕಡೆಯಿಂದ ಇನ್ನೊಬ್ಬಳು ಬಂದಳು. ಹೆಸರು ನಮಗೆ ಬೇಡ. ತಾಯಿ ಅವಳನ್ನು ನೇರ ಬಚ್ಚಲಿಗೇ ಎಳೆದಳು. ಗೋಪಮ್ಮ ಬಾಗಿಲಿಗೆ ಅಡ್ಡ ನಿಂತರು.

"ಯವ್ವಾ, ನೀರು ಕಾಯಾಕತ್ಯಾವ, ಎಲ್ಲೂ ಹೋಗಂಗಿಲ್ಲ. ಮೊದಲು ಡಾಕ್ಟರಮ್ಮ ನೋಡ್ಲಿ. ನಿನ್ನ ಮಗಳ ಕೂಡ ನಾ ಇರ್ತೀನಿ."

ತಾಯಿ ಬೈದಳು, ಅತ್ತಳು, ಕೊನೆಗೆ ಕೂತಳು. ಪರೀಕ್ಷೆ ಮುಗಿಯಿತು, ಬಟ್ಟೆಗಳು ಪೊಲೀಸರ ಕೈ ಸೇರಿದವು. ಆಮೇಲೆ ಗೋಪಮ್ಮ ಹಂಡೆ ಖಾಲಿಯಾಗುವ ತನಕ ಆ ಹುಡುಗಿಗೆ ಎರೆದರು.

ಕಳೆದ ವಾರ ತೀರ್ಪು ಬಂದಿದೆ: ಅಪರಾಧಿಗೆ ಜೈಲು. ಕೇಳಿ ನನಗೇ ಎದೆ ಹಗುರಾಯಿತು. ಗೋಪಮ್ಮನವರಂತೂ ಒಲೆಯ ಮುಂದೆ ನಗುತ್ತ ಕಣ್ಣೊರೆಸಿಕೊಳ್ಳುತ್ತಾರೆ, ಕೇಳಿದರೆ ಹೊಗೆಯನ್ನು ಬೈಯುತ್ತಾರೆ. ಮಾನ್ವಿಯಲ್ಲೂ ದೇವದುರ್ಗದಲ್ಲೂ ಇಂಥದೊಂದು ಪೆಟ್ಟಿಗೆ ಇಡಬೇಕೆಂಬುದು ಅವರ ಆಸೆ.

ತೀರ್ಪಿನಲ್ಲಿ ನಿಮ್ಮದೂ ಪಾಲಿದೆ ಎಂದರೆ ಕೈ ಅಲ್ಲಾಡಿಸುತ್ತಾರೆ.

"ಅದು ಕೋರ್ಟಿಂದು, ಡಾಕ್ಟರಮ್ಮಂದು. ನಂದೇನದರೀ? ಅವತ್ತು ಆಕಿ ನಮ್ಮ ಪೆಟ್ಟಿಗಿ ಸೀರಿ ಉಟ್ಟು ಬಸ್ ಸ್ಟ್ಯಾಂಡಿಗೆ ಹೊಂಟಾಗ ಹಿಂದಿಂದ ನಾನೂ ಹೋಗಿದ್ನಿ. ಅಷ್ಟು ಮಂದ್ಯಾಗ ಒಬ್ರೂ ಹೊಳ್ಳಿ ನೋಡ್ಲಿಲ್ರಿ. ಎಲ್ಲಾ ಹೆಣ್ಮಕ್ಕಳ ಹಂಗ ಬಸ್ ಹತ್ತಿ ಹೋದ್ಲು."